ದಾನವ್ವನ ಒದ್ದೆ ಕೈಗವಸು

ಐವತ್ತೇಳರ ಹೆಂಗಸೊಬ್ಬಳು ಹಿಮದ ಮೇಲೆ ಜಾರಿ ಓಡುವ ಮೋಟಾರು ಗಾಡಿ ಸ್ನೋಮೊಬೈಲನ್ನು ಓಡಿಸುತ್ತಾಳೆ ಎಂದರೆ ಟೊರಾಂಟೋ ಸುತ್ತಮುತ್ತಲಿನ ನಮ್ಮ ಕನ್ನಡದ ಜನ ಮೊದಲು ನಗುತ್ತಾರೆ, ಆಮೇಲೆ ಫೋಟೋ ಕೇಳುತ್ತಾರೆ. ಜಾರ್ಜ್‌ಟೌನಿನ ದಾನವ್ವ ಎರಡಕ್ಕೂ ತಯಾರಾಗಿಯೇ ಇರುತ್ತಾಳೆ. ಹೆಲ್ಮೆಟ್ಟಿನ ಗಾಜನ್ನು ಮೇಲೆತ್ತಿ, ಹಣೆಯ ಕುಂಕುಮ ಕಾಣುವ ಹಾಗೆ ತೆಗೆಸಿಕೊಂಡ ಫೋಟೋ ಒಂದು ಅವಳ ಫೋನಿನಲ್ಲಿದೆ. ಕುಂಕುಮ ಕಾಣದಿದ್ದರೆ ಒಳಗಿರುವುದು ಬೇರೆ ಯಾರೋ ಎಂದು ವಾದಿಸುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ದಾನವ್ವ ಹುಬ್ಬಳ್ಳಿಯವಳು. ಹುಡುಗಿ ಸೈಕಲ್ ಹತ್ತಿದರೂ ಓಣಿಯ ಜನ ಕಟ್ಟೆಯಿಂದ ಎದ್ದು ನೋಡುತ್ತಿದ್ದ ಕಾಲದಲ್ಲಿ ಅವಳು ಲೂನಾ ಮೊಪೆಡ್ಡು ಓಡಿಸಿಕೊಂಡು ಬಾಲವಾಡಿಗೆ ಪಾಠ ಹೇಳಲು ಹೋಗುತ್ತಿದ್ದಳು. ಅಥಣಿಯ ಬಸವಂತಪ್ಪನನ್ನು ಮದುವೆಯಾದ ಮೇಲೆ ಲೂನಾ ತಮ್ಮನ ಪಾಲಾಯಿತು. ಮಗಳು ನೇತ್ರಾ ಚಿಕ್ಕವಳಿದ್ದಾಗ ಗಂಡ ಹೆಂಡತಿ ಕೆನಡಾಕ್ಕೆ ಬಂದರು. ಬಸವಂತಪ್ಪ ವುಡ್‌ಬ್ರಿಡ್ಜಿನ ಪ್ಲಾಸ್ಟಿಕ್ ಪೈಪಿನ ಕಾರ್ಖಾನೆಯಲ್ಲಿ ಶಿಫ್ಟು ಮಾಡಿ ಮಾಡಿ ಈಗ ನಿವೃತ್ತನಾಗಿದ್ದಾನೆ. ದಾನವ್ವ ಅದೇ ಊರಿನ ಒಂದು ದೊಡ್ಡ ಅಡುಗೆಮನೆಯಲ್ಲಿ, ಆಫೀಸುಗಳಿಗೂ ಮದುವೆಗಳಿಗೂ ಊಟ ಕಳಿಸುವ ಕಡೆ, ಈಗಲೂ ಕೆಲಸಕ್ಕೆ ಹೋಗುತ್ತಾಳೆ. ತರಕಾರಿ ತೊಳೆಯುವುದು, ಪಾಸ್ತಾ ಬಸಿಯುವುದು, ದೊಡ್ಡ ದೊಡ್ಡ ಪಾತ್ರೆ ತಿಕ್ಕುವುದು. ಬೆಳಗಿನಿಂದ ಸಂಜೆಯ ತನಕ ಕೈ ನೀರಿನಲ್ಲೇ ಇರುತ್ತದೆ.

ಅಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದವಳು ಲೋರೆಟಾ, ಇಟಲಿ ಕಡೆಯ ಮನೆತನದ ಗಟ್ಟಿಗಿತ್ತಿ. ಮೊಣಕಾಲಿನ ಆಪರೇಷನ್ ಆದ ಮೇಲೆ ಅವಳು ತನ್ನ ಹಳೆಯ ಸ್ನೋಮೊಬೈಲನ್ನು ಮಾರಬೇಕೆಂದಿದ್ದಳು. ಸುಮ್ಮನೆ ನೋಡಿ ಬರೋಣವೆಂದು ಹೋದ ದಾನವ್ವ ಅದರ ಮೇಲೆ ಕೂತಳು. ಲೂನಾದಲ್ಲಿ ತಿರುವುತ್ತಿದ್ದಂತೆ ಹಿಡಿಕೆ ತಿರುವಿದಳು, ಏನೂ ಆಗಲಿಲ್ಲ. ಇದಕ್ಕೆ ರೇಸು ಕೊಡುವುದು ಬಲಗೈ ಹೆಬ್ಬೆರಳಿನಿಂದ, ಹಿಡಿಕೆಯ ಹತ್ತಿರದ ಈ ಸಣ್ಣ ಕಡ್ಡಿಯನ್ನು ಒತ್ತಬೇಕು ಎಂದು ಲೋರೆಟಾ ತೋರಿಸಿಕೊಟ್ಟಳು. ದಾನವ್ವ ಒತ್ತಿದಳು. ಬಯಲು ಹಿಂದಕ್ಕೆ ಓಡತೊಡಗಿತು, ಗಂಟಲಿನಿಂದ ತಾನಾಗಿಯೇ ಒಂದು ಕೂಗು ಹೊರಬಿತ್ತು. ಇಷ್ಟು ವರ್ಷ ಅವಳಿಗೆ ಚಳಿಗಾಲವೆಂದರೆ ಬಾಗಿಲು ಹಾಕಿಕೊಂಡು ಕಿಟಕಿಯಿಂದ ನೋಡುವ ಸಂಗತಿಯಾಗಿತ್ತು. ಅವತ್ತು ಮೊದಲ ಸಲ ಈ ದೇಶದ ಹಿಮ ತನ್ನದೂ ಹೌದು ಅನ್ನಿಸಿತು. ಗಾಡಿ ದಾನವ್ವನದಾಯಿತು. ಅದನ್ನು ತನ್ನ ಮಗನ ಶೆಡ್ಡಿನಲ್ಲಿ ಇಟ್ಟುಕೊಂಡು, ಬೇಕಾದಾಗ ಪಿಕಪ್ಪಿಗೆ ಟ್ರೇಲರು ಕಟ್ಟಿ ಎಳೆದು ತರುವ ಕೆಲಸವನ್ನು ಲೋರೆಟಾ ತಾನೇ ಮೈಮೇಲೆ ಹಾಕಿಕೊಂಡಳು.

ಮೊದಲೆರಡು ಚಳಿಗಾಲ ಚೆನ್ನಾಗಿಯೇ ಕಳೆದವು. ತೊಂದರೆಯಾದದ್ದು ಕಳೆದ ವರ್ಷ, ಸ್ನೋಮೊಬೈಲ್ ಕ್ಲಬ್ಬಿನವರ ಜೊತೆ ಹೋಗಿದ್ದಾಗ, ಆರೆಂಜ್‌ವಿಲ್‌ನಿಂದಾಚೆಯ ಹಾದಿಯಲ್ಲಿ. ಅವತ್ತು ಅಂಥ ಚಳಿಯೇನೂ ಇರಲಿಲ್ಲ, ಕೆಟ್ಟದ್ದು ಅದೇ. ಮೈನಸ್ ಇಪ್ಪತ್ತರಲ್ಲಿ ಹಿಮ ಒಣ ಹಿಟ್ಟು, ಕೊಡವಿದರೆ ಉದುರುತ್ತದೆ. ಸೊನ್ನೆಯ ಹತ್ತಿರ ಬಂದಾಗ ಅದು ಬಿದ್ದಲ್ಲೇ ನೀರಾಗಿ ಎಲ್ಲೆಂದರಲ್ಲಿ ಇಳಿಯುತ್ತದೆ. ದಾನವ್ವನ ಕೈಗವಸಿನ ಮೇಲೆ ವಾಟರ್‌ಪ್ರೂಫ್ ಎಂದು ದಪ್ಪಗೆ ಬರೆದಿತ್ತು. ಬರೆದವನು ಬೆವರಿನ ವಿಚಾರ ಮಾಡಿರಲಿಲ್ಲ, ತೋಳಿನ ಕಡೆಯಿಂದ ಜಾರಿ ಬರುವ ನೀರಿನ ವಿಚಾರವನ್ನೂ ಮಾಡಿರಲಿಲ್ಲ. ನಡುದಾರಿಯಲ್ಲಿ ನಿಂತು ಮೂಗು ಒರೆಸಿಕೊಳ್ಳಲು ಕೈ ಹೊರಗೆಳೆದಳು. ಒದ್ದೆ ಬೆರಳಿಗೆ ಅಂಟಿಕೊಂಡು ಒಳಗಿನ ಅರಿವೆಯೂ ಕಿತ್ತು ಹೊರಗೆ ಬಂತು. ಮತ್ತೆ ಎಷ್ಟು ತುರುಕಿದರೂ ಬೆರಳು ತಮ್ಮ ಜಾಗಕ್ಕೆ ಹೋಗಲಿಲ್ಲ. ಮುಷ್ಟಿ ಮಾಡಿಕೊಂಡೇ ಹೊರಟಳು. ಸ್ವಲ್ಪ ಹೊತ್ತಿಗೆ ಬೆರಳು ಸುಣ್ಣದಂತೆ ಬೆಳ್ಳಗಾದವು, ಹೆಬ್ಬೆರಳಿಗೆ ಕಡ್ಡಿ ಒತ್ತುವ ಶಕ್ತಿಯೂ ಉಳಿಯಲಿಲ್ಲ. ಕೊನೆಗೆ ಬೇರೆಯವರ ಗಾಡಿಗೆ ಹಗ್ಗ ಬಿಗಿದು ಅವಳನ್ನು ಎಳೆದು ತರಬೇಕಾಯಿತು.

ಡಾಕ್ಟರು ಹೆದರಿಸಲಿಲ್ಲ, ಸುಳ್ಳು ಧೈರ್ಯವನ್ನೂ ಹೇಳಲಿಲ್ಲ. ಥಂಡಿಗೆ ನಿಮ್ಮ ಬೆರಳಿನ ರಕ್ತನಾಳ ಬೇಗ ಸಂಕುಚಿತವಾಗುತ್ತದೆ, ಬೆಚ್ಚಗಿಟ್ಟುಕೊಂಡರೆ ಏನೂ ಇಲ್ಲ, ಹೀಗೆ ಮತ್ತೆ ಮತ್ತೆ ಆಗಗೊಟ್ಟರೆ ಕಷ್ಟ ಎಂದರು. ಯೂನಿಯನ್‌ವಿಲ್‌ನಲ್ಲಿರುವ ನೇತ್ರಾ ಅದರ ಅರ್ಧವನ್ನು ಮಾತ್ರ ಕೇಳಿಸಿಕೊಂಡು ಈ ಚಳಿಗಾಲ ಶುರುವಾಗುತ್ತಲೇ ಊಟದ ಟೇಬಲ್ಲಿಗೆ ಬಂದು ಕೂತಳು.

"ಅವ್ವಾ, ಐ ಆಮ್ ಸೀರಿಯಸ್. ಗಾಡಿ ಸೇಲ್ ಮಾಡಿಬಿಡು. ಬೆರಳಿಗೆ ಏನರ ಆದ್ರ ಜಾಬ್ ಹೆಂಗ ಮಾಡ್ತಿ?"

"ಬೆರಳಿಗೆ ಏನೂ ಆಗಿಲ್ಲವ್ವಾ. ಆಗಿದ್ದು ಗ್ಲೌಸಿಗೆ."

"ಇಕಿ ಮಾತು ಕೇಳಬ್ಯಾಡ," ಎಂದ ಬಸವಂತಪ್ಪ ರೊಟ್ಟಿ ಮುರಿಯುತ್ತ. "ಗಾಡಿ ಹೋಗಲಿ. ವಯಸ್ಸಾತು, ಸಾಕು."

ದಾನವ್ವನಿಗೆ ಕೊನೆಯ ಎರಡು ಮಾತು ಚುಚ್ಚಿದವು. ಅವಳು ಜಗಳಕ್ಕೆ ಬೀಳಲಿಲ್ಲ, ಕರಾರು ಹಾಕಿದಳು. ಈ ಚಳಿಗಾಲ ಮುಗಿಯುವುದರೊಳಗೆ ಒಂದು ಸಲ, ಅದೂ ಒದ್ದೆ ದಿನವೇ, ಆ ಹಾದಿಯಲ್ಲಿ ಹೋಗಿ ಬರುತ್ತೇನೆ. ಕೈ ನೆಟ್ಟಗಿದ್ದರೆ ಗಾಡಿ ನನ್ನದು. ಬೆರಳು ಬೆಳ್ಳಗಾದರೆ ನಾನೇ ಮಾರುತ್ತೇನೆ. ನೇತ್ರಾ ಅಪ್ಪನ ಮುಖ ನೋಡಿದಳು. ಬಸವಂತಪ್ಪ ರೊಟ್ಟಿ ಅಗಿಯುತ್ತಲೇ ಹೂಂ ಎಂದು ತಲೆಯಾಡಿಸಿದ.

ಅಲ್ಲಿಂದ ದಾನವ್ವನಿಗೆ ಕೈಗವಸಿನ ಹುಚ್ಚು ಹಿಡಿಯಿತು. ಕೆಲಸದ ಬಿಡುವಿನಲ್ಲಿ ಅದೇ ಮಾತು, ರೈಲಿನಲ್ಲಿ ಎದುರು ಕೂತವರ ಕೈಯ ಮೇಲೇ ಕಣ್ಣು. ಕೊನೆಗೆ ಒಳ್ಳೆಯ ತೊಗಲಿನದೊಂದು ಜೋಡಿ ತಂದಳು. ಕಂದು ಬಣ್ಣ, ಮೆತ್ತಗಿನ ಒಳಭಾಗ, ಸೊಗಸಾದ ಹೊಲಿಗೆ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಹೆಬ್ಬೆರಳು ಆಡಿಸಿ ನೋಡಿದಳು, ಸೀರೆ ಆರಿಸಿದಾಗಲೂ ಅಷ್ಟು ಹೊತ್ತು ನಿಂತವಳಲ್ಲ.

ಜನವರಿಯ ಒಂದು ಶನಿವಾರ ಅವುಗಳನ್ನು ಪರೀಕ್ಷೆ ಮಾಡೋಣವೆಂದು ಹೊರಟಳು. ಗಾಡಿ ಹೊರಟು ಸ್ವಲ್ಪ ದೂರ ಹೋಗುವುದರೊಳಗೆ ಬೆರಳು ಜುಮುಗುಟ್ಟತೊಡಗಿದವು. ಒಳಗೆಲ್ಲ ತಣ್ಣಗೆ ಜಿಡ್ಡು ಜಿಡ್ಡು. ಹಿಡಿಕೆ ಕೈಯಿಂದ ಜಾರುತ್ತಿತ್ತು. ಹೆದರಿ ಅಲ್ಲಿಂದಲೇ ತಿರುಗಿ ಬಂದಳು. ಪಾರ್ಕಿಂಗಿನಲ್ಲಿ ಕಾಯುತ್ತಿದ್ದ ಲೋರೆಟಾ ಕೈಗವಸನ್ನು ಮೂಗಿಗೆ ಹಿಡಿದು, ಇದರಲ್ಲಿ ಸಲಾಡ್ ಕಲಸಿದವರು ಯಾರು ಎಂದು ಕೇಳಿದಳು. ದಾನವ್ವನೂ ಮೂಸಿದಳು. ಆ ವಾಸನೆ ಅವಳಿಗೆ ಪರಿಚಯವಿಲ್ಲದ್ದಲ್ಲ. ಅದು ಕುಸುಬಿ ಎಣ್ಣೆ, ಅಥಣಿಯಿಂದ ನಾದಿನಿ ಕಳಿಸಿದ್ದು.

ಮನೆಗೆ ಬಂದವಳೇ ಕೈಗವಸನ್ನು ಗಂಡನ ಮುಂದೆ ಇಟ್ಟಳು.

"ಏನ್ ಮಾಡೀರಿ ಇದಕ್ಕ?"

"ಎಣ್ಣಿ ಕುಡಿಸೀನಿ," ಎಂದ ಬಸವಂತಪ್ಪ, ಒಳ್ಳೆಯ ಕೆಲಸ ಮಾಡಿದವನ ದನಿಯಲ್ಲಿ. "ಹೊಸಾ ತೊಗಲು, ಹಂಗ ಹಾಕ್ಕೊಂಡ್ರ ಕಡೀತೈತಿ. ನಮ್ಮೂರಾಗ ಎಣ್ಣಿ ಕುಡಿಸದ ಚಪ್ಪಲಿ ಯಾರ್ ಮೆಟ್ತಾರ?"

ಅಥಣಿಯ ಚಪ್ಪಲಿಗೆ ಅದು ಸರಿ. ಅದು ತೊಗಲಿನ ಮೇಲೆ ತೊಗಲು, ನಡುವೆ ಬೇರೇನೂ ಇಲ್ಲ. ಈ ಕೈಗವಸಿನಲ್ಲಿ ತೊಗಲಿನ ಕೆಳಗೆ ತೆಳ್ಳಗಿನ ಪೊರೆ, ಅದರ ಕೆಳಗೆ ಹತ್ತಿಯಂಥ ಮೆತ್ತೆ. ಎಣ್ಣೆ ಹೊಲಿಗೆಯ ತೂತುಗಳಿಂದ ಇಳಿದು ಮೆತ್ತೆಯನ್ನೆಲ್ಲ ಮುದ್ದೆ ಮಾಡಿತ್ತು. ಅದನ್ನೆಲ್ಲ ವಿವರಿಸುವ ತಾಳ್ಮೆ ಅವತ್ತು ದಾನವ್ವನಿಗಿರಲಿಲ್ಲ.

"ನಿಮಗ ಹೆಂಗರ ಮಾಡಿ ಗಾಡಿ ಮಾರಬೇಕಾಗೇತಿ. ಬಾಯಿಲೆ ಹೇಳಾಕ ಧೈರ್ಯ ಇಲ್ಲ, ಅದಕ್ಕ ಗ್ಲೌಸ್ ಕೆಡಿಸಿದ್ರಿ."

ಬಸವಂತಪ್ಪ ಕೈಗವಸನ್ನು ಎತ್ತಿಕೊಂಡು ಬೇಸ್‌ಮೆಂಟಿನ ಮೆಟ್ಟಿಲು ಇಳಿದು ಹೋದ.

ಮೂವತ್ತು ವರ್ಷದ ಸಂಸಾರದಲ್ಲಿ ದಾನವ್ವ ಎಷ್ಟೋ ಮಾತು ಆಡಿದ್ದಳು, ಕೇಳಿದ್ದಳು. ಮೋಸ ಮಾಡಿದಿರಿ ಎಂಬ ಮಾತು ಮಾತ್ರ ಇದೇ ಮೊದಲು. ಸಿಟ್ಟು ಇಳಿಯುತ್ತ ಬಂದ ಹಾಗೆ ಅದು ಅವಳ ಎದೆಯಲ್ಲೇ ಮುಳ್ಳಿನಂತೆ ಕೂತಿತು. ಚಹಾ ಮಾಡಿ, ಎರಡು ಕಪ್ಪು ಹಿಡಿದುಕೊಂಡು ಕೆಳಗೆ ಹೋದಳು.

ಬಸವಂತಪ್ಪ ಹಳೆಯ ಪೇಪರು ಹಾಸಿ ನೆಲದ ಮೇಲೆ ಕೂತಿದ್ದ. ಪಕ್ಕದಲ್ಲಿ ಕಡಲೆಹಿಟ್ಟಿನ ಡಬ್ಬಿ. ಎಣ್ಣೆ ಹೀರಲೆಂದು ಕೈಗವಸಿನ ಮೇಲೂ ಒಳಗೂ ಹಿಟ್ಟು ಸುರಿದು, ಒಂದೊಂದೇ ಬೆರಳನ್ನು ತಿಕ್ಕುತ್ತಿದ್ದ. ಮೀಸೆಯ ಮೇಲೆಲ್ಲ ಹಿಟ್ಟು. ಎಣ್ಣೆ ಮೊದಲೇ ಬಿದ್ದಿತ್ತು, ಈಗ ಕಡಲೆಹಿಟ್ಟೂ ಆಯಿತು.

"ಭಜಿ ಮಾಡಾಕತ್ತೀರೇನ್ರಿ?" ಎಂದಳು ದಾನವ್ವ.

ಅವನು ನಗಲಿಲ್ಲ. ಅವಳು ಚಹಾ ಇಟ್ಟು ಎದುರಿಗೇ ನೆಲದ ಮೇಲೆ ಕೂತಳು.

"ತಪ್ಪಾತ್ರಿ. ನಾ ಹಂಗ ಅನ್ನಬಾರದಿತ್ತು."

ಬಸವಂತಪ್ಪ ಹಿಟ್ಟು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಸಣ್ಣಾವಿದ್ದಾಗ ಹೊಸಾ ಚಪ್ಪಲಿ ತಂದ್ರ ನಮ್ಮವ್ವ ಎರಡ್ ದಿನ ನನಗ ಮೆಟ್ಟಾಕ ಕೊಡತಿರಲಿಲ್ಲ. ಎಣ್ಣಿ ಹಚ್ಚಿ ಬಿಸಲಿಗಿಟ್ಟು, ಮೆತ್ತಗಾದ ಮ್ಯಾಲೆ ಕೊಡಾಕಿ. ನಿನಗೂ ಹಂಗ ಮಾಡಿ ಇಡೂಣ ಅನ್ಕೊಂಡ್ನಿ. ಹೇಳದ ಮಾಡಿದ್ದು ನನ್ನ ತಪ್ಪು."

"ಮತ್ತ ಗಾಡಿ ಯಾಕ ಮಾರು ಅಂತೀರಿ? ನನಗ ವಯಸ್ಸಾತು ಅಂತ ಅಲ್ಲ ಬಿಡ್ರಿ. ನಿಜಾ ಹೇಳ್ರಿ."

ಅವನು ಮುಖ ಎತ್ತದೆಯೇ ಹೇಳಿದ. "ಹ್ವಾದ ವರ್ಷ ಆ ಪಾರ್ಕಿಂಗಿನಾಗ ನಾ ನಿಂತಿದ್ದೆ. ಎಲ್ಲಾರೂ ಬಂದ್ರು, ನೀ ಬರಲಿಲ್ಲ. ಆಮ್ಯಾಲೆ ನಿನ್ನ ಹಗ್ಗಾ ಕಟ್ಟಿ ಎಳಕೊಂಡ್ ಬಂದ್ರು. ದೂರದಿಂದ ನೀ ಅಲುಗಾಡೋದು ಕಾಣಲಿಲ್ಲ ನನಗ. ಅವತ್ತಿಂದ ನೀ ಗ್ಲೌಸ್ ಹಾಕ್ಕೊಂಡಿ ಅಂದ್ರ ನನಗ ಆ ಹಗ್ಗಾನ ಕಣ್ಣ ಮುಂದ ಬರತೈತಿ."

ಇದನ್ನು ಅವನು ಒಂದು ವರ್ಷ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ. ವಯಸ್ಸಾಯಿತು ಎನ್ನುವುದು ಸುಲಭ, ಹೆದರಿಕೆಯಾಯಿತು ಎನ್ನಲು ನಮ್ಮ ಗಂಡಸರಿಗೆ ನಾಲಿಗೆ ಹೊರಳುವುದಿಲ್ಲ. ದಾನವ್ವನಿಗೆ ಕಣ್ಣು ತುಂಬಿ ಬಂದವು. ಹಿಟ್ಟಿನ ಕೈಯನ್ನೇ ಹಿಡಿದುಕೊಂಡಳು.

"ಹಂಗಾರ ನೀವು ಅಲ್ಲಿ ನಿಂತು ಕಾಯಬ್ಯಾಡ್ರಿ. ಗಾಡಿಗೆ ಹಿಂದ ಸೀಟ್ ಐತಿ. ನನ್ನ ಕೂಡ ಬರ್ರಿ."

ಬಸವಂತಪ್ಪ ಚಹಾ ಕುಡಿದ. ಬರುತ್ತೇನೆಂದು ಹೇಳಲಿಲ್ಲ, ಒಲ್ಲೆ ಎಂದೂ ಹೇಳಲಿಲ್ಲ. ಅವನ ಮಟ್ಟಿಗೆ ಅದು ಒಪ್ಪಿಗೆಯೇ.

ಮುಂದಿನ ಭಾನುವಾರ ಇಬ್ಬರೂ ಕೂಡಿ ಅಂಗಡಿಗೆ ಹೋದರು. ಈ ಸಲ ದಾನವ್ವನಿಗೆ ಬಣ್ಣ ಬೇಕಿರಲಿಲ್ಲ, ಹೊಲಿಗೆ ಬೇಕಿರಲಿಲ್ಲ. ಅಂಗಡಿಯ ಹುಡುಗಿ ಇದು ನೀರು ತಡೆಯುತ್ತದೆ, ಇದು ಇನ್ನೂ ಹೆಚ್ಚು ತಡೆಯುತ್ತದೆ ಎಂದು ಒಂದೊಂದನ್ನೇ ಹೊಗಳುತ್ತಿದ್ದಳು. ಕಳೆದ ವರ್ಷದಿಂದ ದಾನವ್ವ ಕಲಿತದ್ದು ಒಂದೇ, ನೀರು ಹೇಗಾದರೂ ಬಂದೇ ಬರುತ್ತದೆ. ಬಂದ ಮೇಲೆ ಏನು ಗತಿ ಎನ್ನುವುದು ಅವಳ ಪ್ರಶ್ನೆ. ಅದನ್ನು ಕೇಳಿದಾಗ ಹುಡುಗಿ ಗವಸಿನ ಚೀಟಿಯನ್ನು ತಿರುಗಿಸಿ ಓದತೊಡಗಿದಳು. ಅಷ್ಟರಲ್ಲಿ ದಾನವ್ವ ಅಂಗಡಿಯ ಬಾತ್‌ರೂಮಿಗೆ ಹೋಗಿ ಎರಡೂ ಕೈ ತೊಳೆದು, ಒರೆಸಿಕೊಳ್ಳದೆ, ನೀರು ತೊಟ್ಟಿಕ್ಕಿಸುತ್ತ ಬಂದು ನಿಂತಳು.

"ಏ, ಅಂಗಡಿಯೆಲ್ಲಾ ಒದ್ದಿ ಮಾಡಾಕತ್ತಿ," ಎಂದು ಬಸವಂತಪ್ಪ ಪಿಸುಗುಟ್ಟಿದ, ನಾಚಿಕೊಂಡು ಬೂಟುಗಳ ಕಡೆ ಮುಖ ಮಾಡಿ ನಿಂತ.

ಹುಡುಗಿ ಮೊದಲು ಗಾಬರಿಯಾದಳು, ವಿಷಯ ತಿಳಿದ ಮೇಲೆ ಅವಳಿಗೂ ಮಜಾ ಅನ್ನಿಸಿತು. ಗಿರಾಕಿಗಳು ವಾಪಸು ಕೊಟ್ಟ ಒಂದಷ್ಟು ಜೋಡಿ ಒಳಗಿದ್ದವು, ಅವನ್ನು ತಂದು ಸುರಿದಳು. ದಾನವ್ವ ಒದ್ದೆ ಕೈಯನ್ನು ತೂರಿಸುವುದು, ಮುಷ್ಟಿ ಕಟ್ಟುವುದು, ಸರಕ್ಕನೆ ಎಳೆಯುವುದು, ಮತ್ತೆ ತೂರಿಸುವುದು. ಒಳ ಅರಿವೆ ಕಿತ್ತು ಬಂದದ್ದೆಲ್ಲ ಬದಿಗೆ. ಬಿಗಿಯಾದದ್ದೂ ಬದಿಗೆ, ಏಕೆಂದರೆ ಒದ್ದೆಯಾದಾಗ ಬೆರಳಿಗೆ ಆಡಲು ಜಾಗ ಬೇಕು. ಹೆಬ್ಬೆರಳು ಕಡ್ಡಿಯನ್ನು ಸಲೀಸಾಗಿ ಒತ್ತಲಾರದಷ್ಟು ದಪ್ಪಗಿದ್ದದ್ದೂ ಹೋಯಿತು.

ಕೊನೆಗೆ ಉಳಿದದ್ದು ನೋಡಲು ಚಂದವಿರಲಿಲ್ಲ. ಹೆಬ್ಬೆರಳಿಗೊಂದು ಮನೆ, ಬ್ರೇಕು ಹಿಡಿಯುವ ತೋರುಬೆರಳಿಗೊಂದು ಮನೆ, ಮಿಕ್ಕ ಮೂರು ಬೆರಳಿಗೆ ಸೇರಿ ಒಂದೇ ಮನೆ. ಒಳಗೆ ಉಣ್ಣೆಯ ಇನ್ನೊಂದು ಕೈಗವಸು, ಕೈ ಎಳೆದರೆ ಜೊತೆಗೆ ಬರುವುದಿಲ್ಲ, ಬೇಕೆಂದಾಗ ಮಾತ್ರ ಪೂರ್ತಿ ಹೊರಗೆ ತೆಗೆದು ಹಿಂಡಿ ಹಾಕಿಕೊಳ್ಳಬಹುದು. ತೋಳಿನ ಕಡೆ ಉದ್ದದ ಪಟ್ಟಿ, ಜಾಕೆಟ್ಟಿನ ಮೇಲೆ ಎಳೆದು ದಾರ ಬಿಗಿದರೆ ಅಲ್ಲಿಂದ ನೀರು ಬರುವುದಿಲ್ಲ. ಕೂಡು ಮನೆತನದ ಹಾಗೆ ಮೂರೂ ಬೆರಳು ಒಂದೇ ಕಡೆ ಒತ್ತಿಕೊಂಡು ಬೆಚ್ಚಗಿದ್ದವು. ಉಣ್ಣೆಯ ಒಳಗವಸಿನ ಇನ್ನೊಂದು ಜೋಡಿಯನ್ನೂ ತೆಗೆದುಕೊಂಡಳು. ಎಲ್ಲಕ್ಕಿಂತ ಮುಂಚೆ ನೀವೂ ಒಂದು ಜೋಡಿ ಆರಿಸಿರಿ ಎಂದು ಗಂಡನಿಗೆ ಹೇಳಿದ್ದಳು. ಹಿಂದೆ ಸುಮ್ಮನೆ ಕೂರುವವನಿಗೆ ಯಾಕೆ ಇದೆಲ್ಲ, ಕಾರು ಓಡಿಸುವ ಗ್ಲೌಸು ಸಾಕು ಎಂದು ಬಸವಂತಪ್ಪ ಕೈ ಜೇಬಿನಲ್ಲಿಟ್ಟುಕೊಂಡ.

ಒದ್ದೆ ದಿನ ಮಾರ್ಚಿನ ಮೊದಲ ವಾರ ಬಂತು. ಸೊನ್ನೆಯ ಆಚೀಚೆ, ಅರ್ಧ ಹಿಮ ಅರ್ಧ ಮಳೆ. ಇಂಥ ದಿನ ಹೋಗುತ್ತೀರಾ ಎಂದು ಲೋರೆಟಾ ಕೇಳಿದಳು. ಇಂಥ ದಿನವೇ ಹೋಗಬೇಕು ಎಂದಳು ದಾನವ್ವ. ಬಸವಂತಪ್ಪ ಲೋರೆಟಾಳ ಮಗನ ಹೆಲ್ಮೆಟ್ಟು ಹಾಕಿಕೊಂಡು, ಗದ್ದದ ಕೆಳಗಿನ ಪಟ್ಟಿಯನ್ನು ಎರಡು ಉಂಗುರಗಳೊಳಗೆ ತೂರಿಸಿ ಬಿಗಿದುಕೊಂಡು, ಹಿಂದೆ ಕೂತು ಹೆಂಡತಿಯ ಸೊಂಟ ಹಿಡಿದ. ಸಾರ್ವಜನಿಕವಾಗಿ ಅವನು ಹಾಗೆ ಹಿಡಿದದ್ದು ಅದೇ ಮೊದಲು.

ಮೊದಲರ್ಧ ಹಾದಿ ಸರಾಗವಾಗಿ ಸಾಗಿತು. ಪೈನ್ ಮರಗಳ ಸಾಲು ದಾಟಿ ತಗ್ಗಿಗೆ ಇಳಿದಾಗ ಗಾಡಿ ನೀರುಹಿಮದಲ್ಲಿ ಹೂತುಕೊಂಡಿತು. ದಾನವ್ವ ಎಷ್ಟು ರೇಸು ಕೊಟ್ಟರೂ ಅಡಿಯ ರಬ್ಬರಿನ ಪಟ್ಟೆ ನಿಂತಲ್ಲೇ ಸುತ್ತಿತು. ಇಬ್ಬರೂ ಇಳಿದರು. ಸಲಿಕೆ ಇರಲಿಲ್ಲ, ಕೈಯಿಂದಲೇ ಹಿಮ ಬಾಚಿ ಬಾಚಿ ಎಸೆದರು, ಹಿಂಭಾಗವನ್ನು ಎತ್ತಿ ಬದಿಗಿಟ್ಟರು. ಗಾಡಿ ಹೊರಗೆ ಬರುವ ಹೊತ್ತಿಗೆ ಇಬ್ಬರ ಕೈಯೂ ಬಾವಿಯಲ್ಲಿ ಅದ್ದಿ ತೆಗೆದಂತೆ ಆಗಿದ್ದವು. ದಾನವ್ವನ ಗವಸಿನೊಳಗೆ ನೀರು ಪಚಪಚ ಎನ್ನುತ್ತಿತ್ತು. ಇನ್ನು ಮುಗಿಯಿತು ಎಂದುಕೊಂಡಳು. ಆದರೂ ಹೊರಟಳು. ಬೆರಳು ಈಗ ಜುಮುಗುಟ್ಟುತ್ತವೆ, ಇನ್ನೊಂದು ತಿರುವಿನಲ್ಲಿ ಜುಮುಗುಟ್ಟುತ್ತವೆ ಎಂದು ಕಾಯುತ್ತ ಓಡಿಸಿದಳು. ಒದ್ದೆ ಉಣ್ಣೆ ಮೊದಲು ತಣ್ಣಗಿತ್ತು, ಆಮೇಲೆ ಮೆಲ್ಲಗೆ ಮೈಯ ಶಾಖ ಹಿಡಿಯಿತು. ಮೂರು ಬೆರಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು, ಹೆಬ್ಬೆರಳು ಹೇಳಿದ ಹಾಗೆ ಕೇಳುತ್ತಿತ್ತು. ಅವಳಿಗೆ ನಂಬಲು ಧೈರ್ಯ ಬರಲಿಲ್ಲ.

ಹಾದಿಯ ನಡುವೆ ಕ್ಲಬ್ಬಿನವರು ಕಟ್ಟಿದ ಮರದ ಕೋಣೆಯೊಂದಿದೆ, ಒಳಗೆ ಕಟ್ಟಿಗೆಯ ಒಲೆ. ಯಾರೋ ಹಚ್ಚಿ ಹೋಗಿದ್ದ ಬೆಂಕಿ ಇನ್ನೂ ಇತ್ತು. ಒಳಗೆ ಬಂದ ಮೇಲೂ ಬಸವಂತಪ್ಪ ಹೆಲ್ಮೆಟ್ಟು ತೆಗೆಯದೆ ನಿಂತೇ ಇದ್ದ. ದಾನವ್ವ ತಿರುಗಿ ನೋಡಿದಳು. ಅವನು ತನ್ನ ತೆಳು ಗ್ಲೌಸನ್ನು ಹಲ್ಲಿನಿಂದ ಕಿತ್ತು ಎಸೆದಿದ್ದ. ಗದ್ದದ ಕೆಳಗೆ ಬೆರಳಾಡಿಸುತ್ತಿದ್ದ, ಬೆರಳು ಪಟ್ಟಿಯನ್ನು ಹಿಡಿಯುತ್ತಲೇ ಇರಲಿಲ್ಲ.

"ಬರವಲ್ದು," ಎಂದ.

ದಾನವ್ವ ಬಲಗೈಯನ್ನು ಗವಸಿನಿಂದ ಎಳೆದಳು. ಒಳಗಿನ ಉಣ್ಣೆ ಅಲ್ಲೇ ಉಳಿಯಿತು, ಕೈ ಮಾತ್ರ ಹೊರಗೆ ಬಂತು. ಬಟ್ಟೆ ಒಗೆದವರ ಕೈಯ ಹಾಗೆ ಚರ್ಮ ಸುಕ್ಕಾಗಿತ್ತು, ನೀರು ಇಳಿಯುತ್ತಿತ್ತು. ಬಣ್ಣ ಬೆಳ್ಳಗಾಗಿರಲಿಲ್ಲ. ಅವಳು ಗಂಡನ ಗದ್ದವನ್ನು ಮೇಲೆತ್ತಿ, ಎರಡು ಬೆರಳಿನಿಂದ ಪಟ್ಟಿಯ ತುದಿ ಹಿಡಿದು, ಒಂದು ಉಂಗುರದಿಂದ ಬಿಡಿಸಿ, ಇನ್ನೊಂದರಿಂದಲೂ ಬಿಡಿಸಿದಳು. ಕುತ್ತಿಗೆಗೆ ಅವಳ ಬೆರಳು ತಾಗಿದ ಕೂಡಲೇ ಬಸವಂತಪ್ಪ ಅವಳ ಮುಖವನ್ನೇ ನೋಡಿದ.

"ನಿನ್ನ ಕೈ ಬೆಚ್ಚಗ ಅದಾವು," ಎಂದ.

"ಒದ್ದಿ ಅದಾವ್ರಿ."

"ಒದ್ದಿ ಅದಾವು, ಬೆಚ್ಚಗೂ ಅದಾವು." ಅವನು ಆ ಕೈಯನ್ನು ಹಿಡಿದು ಬೆಂಕಿಯ ಬೆಳಕಿಗೆ ತಂದು, ಒಂದೊಂದೇ ಬೆರಳಿನ ತುದಿ ಒತ್ತಿ ನೋಡಿದ. ಒತ್ತಿದ ಕಡೆ ಬಿಳುಪಾಗಿ, ಬಿಟ್ಟ ಕೂಡಲೇ ಕೆಂಪೇರುತ್ತಿತ್ತು. ಆಮೇಲೆ ತನ್ನ ಎರಡೂ ಕೈಗಳನ್ನು, ಮಂಜುಗಡ್ಡೆಯಂಥವನ್ನು, ಅವಳ ಮುಂದೆ ಚಾಚಿದ.

ದಾನವ್ವ ಎಡಗೈಯ ಗವಸನ್ನೂ ತೆಗೆದು ಅವನ್ನು ತನ್ನ ಅಂಗೈಗಳ ನಡುವೆ ಇಟ್ಟುಕೊಂಡಳು. ಉಸಿರು ಊದಿದಳು, ಜಾಕೆಟ್ಟಿನೊಳಗೆ ನೀರು ತಾಗದಂತೆ ಇಟ್ಟುಕೊಂಡಿದ್ದ ಇನ್ನೊಂದು ಜೋಡಿ ಉಣ್ಣೆಯ ಒಳಗವಸನ್ನು ತೆಗೆದು ಅವನಿಗೆ ಹಾಕಿದಳು, ಮತ್ತೆ ಹಿಡಿದುಕೊಂಡಳು. ಮುಂದೆ ಅವನು ಮಗಳಿಗೆ ಏನು ಹೇಳುತ್ತಾನೋ, ಮುಗಿಯಿತು ಮನೆಗೆ ನಡಿ ಎನ್ನುತ್ತಾನೋ ಎಂದು ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಬಸವಂತಪ್ಪ ಕಿಟಕಿಯ ಕಡೆ ತಿರುಗಿದ. ಹೊರಗೆ ಹಾದಿ ಮರಗಳ ನಡುವೆ ಬಳಸಿ, ದಿಣ್ಣೆ ಹತ್ತಿ ಮರೆಯಾಗಿತ್ತು.

"ಅಲ್ಲಿಂದ ಮುಂದ ಎಲ್ಲೀ ಮಟಾ ಹೋಗತೈತಿ ಇದು?" ಎಂದು ಕೇಳಿದ.

"ನನಗೂ ಗೊತ್ತಿಲ್ರಿ. ಅಲ್ಲೀ ಮಟಾ ನಾನೂ ಹೋಗಿಲ್ಲ."

"ಹಂಗಾರ ಕೈ ಸ್ವಲ್ಪ ಕಾಯಲಿ," ಎಂದ ಬಸವಂತಪ್ಪ. "ನೋಡ್ಕೊಂಡ ಬರೂಣು."